ಲ್ಯುಕೇಮಿಯಾ ವೈರಸ್ ಹಾಕಿ ಬಿಳಿ ರಕ್ತಕಣಗಳನ್ನು ಸಾಯದಂತೆ ಬೆಳೆಸುವುದು: ನಮ್ಮ ಕಡೆ ಆಗುವ ಕೆಲಸವಾ?

ಪಿಪೆಟ್_ಹುಡುಗಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಬಯೋಟೆಕ್ ಕೊನೆಯ ವರ್ಷ. ಪ್ರಾಜೆಕ್ಟು ಆಡಿನ ಟಿ ಲಿಂಫೋಸೈಟುಗಳ ಮೇಲೆ, ಅಂದರೆ ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಟಿ ಕೋಶ. ಬೆಳಿಗ್ಗೆ ಬೇಗ ಹೋಗಿ ಮಟನ್ ಅಂಗಡಿಯಿಂದ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ತರುತ್ತೇನೆ. ಫೈಕಾಲ್ ಅನ್ನೋ ದಟ್ಟ ದ್ರವದ ಮೇಲೆ ನಿಧಾನ ಬಿಟ್ಟು ಸೆಂಟ್ರಿಫ್ಯೂಜ್ ತಿರುಗಿಸಿದರೆ ನಡುವೆ ತೆಳ್ಳಗೆ ಬಿಳಿ ಪದರ ನಿಲ್ಲುತ್ತದೆ. ಅದೇ ನನ್ನ ಆಸ್ತಿ. ಟಿ ಕೋಶಗಳನ್ನು ಕೆರಳಿಸುವ ಕಾನ್ಎ ಹಾಕಿದರೆ ಮೂರನೇ ದಿನಕ್ಕೆ ಕೋಶಗಳು ದಪ್ಪ ಆಗಿ ಗುಂಪು ಕಟ್ಟುತ್ತವೆ. ನೋಡೋಕೆ ಖುಷಿ. ಎರಡನೇ ವಾರ ಮುಗಿಯುವಷ್ಟರಲ್ಲಿ ಟ್ರಿಪಾನ್ ಬ್ಲೂ ಹಾಕಿದರೆ ಎಲ್ಲಾ ನೀಲಿ. ಅಂದರೆ ಎಲ್ಲಾ ಸತ್ತಿವೆ.

ಪ್ರತಿ ಸಲ ಹೊಸ ಆಡು, ಹೊಸ ರಕ್ತ, ಹೊಸ ರೀಡಿಂಗು. ಒಂದಕ್ಕೊಂದು ತಾಳೆ ಆಗುವುದಿಲ್ಲ. ಓದುತ್ತಾ ಹೋದಾಗ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ವೈರಸ್ ತಗುಲಿಸಿ ಮೊಲ, ಬೆಕ್ಕು, ಮಂಗಗಳ ಟಿ ಕೋಶಗಳನ್ನು ವರ್ಷಗಟ್ಟಲೆ ಬೆಳೆಸಿದ್ದಾರೆ ಅಂತ ಸಿಕ್ಕಿತು. ಕ್ಯಾನ್ಸರ್ ತರುವ ವೈರಸ್ಸಿನಿಂದ ಕೆಲಸಕ್ಕೆ ಬರುವ ಕೋಶ ಹೇಗೆ ಸಿಗುತ್ತದೆ? ಹಾಗೆ ಸಿಕ್ಕಿದ್ದು ಇನ್ನೂ ಟಿ ಕೋಶವೇ ಆಗಿರುತ್ತದಾ? ಇಲ್ಲಿ ಯಾರಾದರೂ ಮಾಡಿದ್ದರೆ ಹೇಳಿ.

ಜೋಳದರೊಟ್ಟಿ_ಜಗ್ಗು, ಹುಬ್ಬಳ್ಳಿ

ಕ್ಯಾನ್ಸರ್ ವೈರಸ್ಸಾ? ಧಾರವಾಡದಾಗ? ಬ್ಯಾಡ್ರೀ ತಂಗಿ, ಸುಮ್ನೆ ಪಾಸ್ ಆಗಿ ಮನೆಗೆ ಹೋಗ್ರಿ.

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಜಗ್ಗು ಅವರೇ, ತಡೀರಿ, ನಿಮ್ಮ ಭಯಕ್ಕೂ ಬರುತ್ತೇನೆ. ಮೊದಲು ತಂಗಿಯ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಕಲ್ಚರ್ ಲ್ಯಾಬಿನಲ್ಲಿದ್ದವನು, ಈಗ ರಿಟೈರ್ಡ್. ಟೈಮ್ ಇದೆ, ಉದ್ದ ಬರೆಯುತ್ತೇನೆ.

ನಿನ್ನ ಕೋಶಗಳು ಸಾಯುವುದು ನಿನ್ನ ಕೈ ತಪ್ಪಿನಿಂದ ಅಲ್ಲ. ಟಿ ಕೋಶದ ಸ್ವಭಾವವೇ ಹಾಗೆ. ಮೈಯಲ್ಲಿ ಸೋಂಕು ಬಂದಾಗ ಅದು ಸಾವಿರಾರು ಪಟ್ಟು ಹೆಚ್ಚಬೇಕು, ಸೋಂಕು ಹೋದ ಮೇಲೆ ಸಾಯಬೇಕು. ಸಾಯದಿದ್ದರೆ ಅದೇ ಒಂದು ರೋಗ. ಬೆಳೆಯಲು ಅದಕ್ಕೆ ಹೊರಗಿನಿಂದ ಅಪ್ಪಣೆ ಬೇಕು. ಆ ಅಪ್ಪಣೆಗಳಲ್ಲಿ ಮುಖ್ಯವಾದದ್ದು ಐಎಲ್-2 (ಇಂಟರ್‌ಲ್ಯುಕಿನ್-2) ಅನ್ನೋ ಪ್ರೋಟೀನು. 1976ರಲ್ಲಿ ರಾಬರ್ಟ್ ಗ್ಯಾಲೋ ಅವರ ಲ್ಯಾಬಿನಲ್ಲಿ ಅದು ಸಿಕ್ಕಿತು. ಅಲ್ಲಿಯವರೆಗೆ ಸಾಮಾನ್ಯ ಟಿ ಕೋಶಗಳನ್ನು ಹೆಚ್ಚು ದಿನ ಬೆಳೆಸಲು ಯಾರಿಗೂ ಆಗಿರಲಿಲ್ಲ. ಬೆಳೆಸಲು ಬಂದಿದ್ದರಿಂದಲೇ 1980ರಲ್ಲಿ ಅದೇ ಗುಂಪಿಗೆ ಎಚ್‌ಟಿಎಲ್‌ವಿ-1 ಸಿಕ್ಕಿತು. ಮನುಷ್ಯರಲ್ಲಿ ಲ್ಯುಕೇಮಿಯಾ ತರುವ ಮೊದಲ ರೆಟ್ರೊವೈರಸ್ (ತನ್ನ ಜೀನುಗಳನ್ನು ಕೋಶದ ಡಿಎನ್ಎಗೆ ಸೇರಿಸುವ ವೈರಸ್).

ಈಗ ನಿನಗೆ ಬೇಕಾದ ಕಥೆ. ಜಪಾನಿನ ಮಿಯೋಶಿ ಮತ್ತು ಜೊತೆಗಾರರು 1981ರಲ್ಲಿ ಒಬ್ಬ ಹೆಂಗಸಿನ ಲ್ಯುಕೇಮಿಯಾ ಕೋಶಗಳನ್ನು ಹುಟ್ಟಿದ ಗಂಡು ಮಗುವಿನ ಹೊಕ್ಕುಳಬಳ್ಳಿಯ ರಕ್ತಕಣಗಳ ಜೊತೆ ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಕೊನೆಗೆ ಒಂದು ಜಾತಿಯ ಕೋಶ ನಿಲ್ಲದೆ ಬೆಳೆಯತೊಡಗಿತು. ಯಾರದು ಅದು? ಕ್ರೋಮೋಸೋಮ್ ನೋಡಿದರೆ ಗಂಡಿನದು. ಅಂದರೆ ಬೆಳೆಯುತ್ತಿದ್ದದ್ದು ರೋಗಿಯ ಕ್ಯಾನ್ಸರ್ ಕೋಶ ಅಲ್ಲ. ಆರೋಗ್ಯವಾಗಿದ್ದ ಮಗುವಿನ ಟಿ ಕೋಶ, ಪಕ್ಕದ ಕೋಶದಿಂದ ವೈರಸ್ ಹತ್ತಿಸಿಕೊಂಡು ಸಾಯುವುದನ್ನೇ ಬಿಟ್ಟಿತ್ತು. ಹೀಗೆ ನಿಲ್ಲದೆ ಬೆಳೆಯುವ ಕೋಶಗಳ ಸಂತತಿಗೆ ಲೈನ್ ಅಂತಾರೆ, ಈ ಲೈನಿನ ಹೆಸರು ಎಂಟಿ-2. ಇವತ್ತಿಗೂ ಲ್ಯಾಬುಗಳಲ್ಲಿದೆ. ಗಂಡು-ಹೆಣ್ಣು ಬೇರೆ ಬೇರೆ ಆಗಿದ್ದರಿಂದ ಎಷ್ಟು ಸಲೀಸಾಗಿ ಸಾಬೀತಾಯಿತು ನೋಡು. ನನಗೆ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಇದು.

ಮೊಲ, ಬೆಕ್ಕು, ಮಂಗಗಳಿಗೆ ಮಾಡಿದ್ದೂ ಇದೇ ದಾರಿ. ಈ ವೈರಸ್ ಕೋಶಗಳಿಗೆ ಊಟವಾಗುವ ನೀರಿನಂಥ ಮೀಡಿಯಮ್ಮಿನಲ್ಲಿ ತೇಲಿಕೊಂಡು ಹೋಗಿ ಹತ್ತುವುದು ಕಡಿಮೆ. ಕೋಶಕ್ಕೆ ಕೋಶ ಅಂಟಬೇಕು. ಹಾಗಾಗಿ ವೈರಸ್ ಇರುವ ಎಂಟಿ-2 ಥರದ ಕೋಶಗಳಿಗೆ ರೇಡಿಯೇಷನ್ ಅಥವಾ ಮೈಟೊಮೈಸಿನ್ ಕೊಟ್ಟು ವಿಭಜನೆ ನಿಲ್ಲಿಸುತ್ತಾರೆ. ಅವನ್ನು ಪ್ರಾಣಿಯ ತಾಜಾ ಲಿಂಫೋಸೈಟುಗಳ ಜೊತೆ ಬೆರೆಸಿ ಐಎಲ್-2 ಹಾಕುತ್ತಾರೆ. ಮುಂದಿನ ವಾರಗಳಲ್ಲಿ ಹೆಚ್ಚಿನವು ಸಾಯುತ್ತವೆ. ಫ್ಲಾಸ್ಕಿನ ತಳದಲ್ಲಿ ಬರೀ ಕಸ. ಆ ಹೊತ್ತಿಗೆ ಎಷ್ಟೋ ಹುಡುಗರು ಎಸೆದುಬಿಡುತ್ತಾರೆ. ಎಸೆಯದೆ ಕಾದರೆ ಒಂದು ದಿನ ಮೀಡಿಯಂ ಗುಲಾಬಿಯಿಂದ ಹಳದಿಗೆ ತಿರುಗಿರುತ್ತದೆ. ಯಾರೋ ಒಳಗೆ ತಿಂದು ಆಮ್ಲ ಬಿಡುತ್ತಿದ್ದಾರೆ ಅಂತ ಅರ್ಥ. (ಬ್ಯಾಕ್ಟೀರಿಯಾ ಬಿದ್ದರೂ ಹಳದಿ ಆಗುತ್ತದೆ. ಮೊದಲು ಮೈಕ್ರೋಸ್ಕೋಪ್, ಆಮೇಲೆ ಪಾರ್ಟಿ.)

ಒಳಗೆ ನಡೆಯುವುದೇನು? ವೈರಸ್ಸಿನ ಟ್ಯಾಕ್ಸ್ ಅನ್ನೋ ಪ್ರೋಟೀನು ಕೋಶದ ಎನ್ಎಫ್-ಕಪ್ಪಾಬಿ ಅನ್ನೋ, 'ಬೆಳೆ, ಬದುಕು' ಅಂತ ಸೂಚನೆ ಕೊಡುವ ದಾರಿಯನ್ನು ಸದಾ ಚಾಲೂ ಇಡುತ್ತದೆ, ಐಎಲ್-2 ಹಿಡಿಯುವ ರಿಸೆಪ್ಟರುಗಳನ್ನು ಹೆಚ್ಚಿಸುತ್ತದೆ. ಬಸ್ಸಿನ ಆಕ್ಸಿಲರೇಟರ್ ಮೇಲೆ ಕಲ್ಲು ಇಟ್ಟಂತೆ. ಡ್ರೈವರ್ ಇಳಿದು ಹೋದರೂ ಬಸ್ಸು ಓಡುತ್ತಲೇ ಇರುತ್ತದೆ.

ಶುರುವಿನಲ್ಲಿ ಇಂಥ ಕೋಶಗಳಿಗೆ ಐಎಲ್-2 ಬೇಕೇ ಬೇಕು. ಆ ಹಂತದವು ಬರೀ ಸಾಯದ ಕೋಶಗಳು. ತಿಂಗಳುಗಳ ಮೇಲೆ ಕೆಲವು ಅದೂ ಇಲ್ಲದೆ ಬೆಳೆಯತೊಡಗುತ್ತವೆ. ಆಗ ಅವು ಪೂರ್ತಿ ಕ್ಯಾನ್ಸರ್ ಕಡೆ ವಾಲಿದವು. ನಿನ್ನ ಕೆಲಸಕ್ಕೆ ಬರುವುದು ಮೊದಲ ಹಂತದವು, ಎರಡನೆಯವಲ್ಲ.

ಪಿಪೆಟ್_ಹುಡುಗಿ, ಧಾರವಾಡ

ಸರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ರೇಡಿಯೇಷನ್ ಕೊಟ್ಟ ಎಂಟಿ-2ರಲ್ಲಿ ಒಂದೆರಡು ಬದುಕಿ ಉಳಿದು, ಅದನ್ನೇ ನಾನು ಆಡಿನ ಕೋಶ ಅಂತ ತಿಳಿದು ಪ್ರಾಜೆಕ್ಟ್ ಬರೆದರೆ?

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಕೇಳಬೇಕಾದದ್ದನ್ನೇ ಕೇಳಿದೆ. ಹೊಸ ಲೈನು ಬಂತು ಅಂದ ಕೂಡಲೇ ಮಾಡಬೇಕಾದ ಕೆಲಸ ಅದು. ಕ್ರೋಮೋಸೋಮ್ ಎಣಿಸು. ಮನುಷ್ಯನಿಗೆ 46, ಆಡಿಗೆ 60. ಜೊತೆಗೆ ಮೈಟೊಕಾಂಡ್ರಿಯಾದ ಜೀನಿಗೆ ಜಾತಿ ಹೇಳುವ ಪಿಸಿಆರ್ ಮಾಡು. ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಬೇರೆ ಹೆಸರಿನ ಫ್ಲಾಸ್ಕುಗಳ ಒಳಗೆ ಹೀಲಾ ಕೋಶ ಕೂತಿತ್ತು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದ ಕೋಶಗಳು ಅವು. ಜೋರಾಗಿ ಬೆಳೆಯುವ ಕೋಶ ಒಂದು ಹನಿ ಬಿದ್ದರೂ ಮನೆಯನ್ನೇ ಆಕ್ರಮಿಸುತ್ತದೆ.

ಕಷಾಯ_ಫಾರ್ಮಾ, ಹುಬ್ಬಳ್ಳಿ

ಮಧ್ಯ ಬಾಯಿ ಹಾಕುತ್ತೇನೆ. ನಮ್ಮ ಕಡೆ ಎಂಫಾರ್ಮ್ ಮಾಡಿದವರಲ್ಲಿ ಅರ್ಧ ಜನ ರಾ 264.7 ಅನ್ನೋ ಇಲಿಯ ಮ್ಯಾಕ್ರೋಫೇಜ್ (ಕ್ರಿಮಿ ನುಂಗುವ ಬಿಳಿ ರಕ್ತಕಣ) ಕೋಶಗಳನ್ನು ಮುಟ್ಟಿರುತ್ತಾರೆ. ಅಮೃತಬಳ್ಳಿ ರಸ, ನೆಲಬೇವಿನ ರಸ, ಏನೇ ಇರಲಿ, ಉರಿಯೂತ ಎಬ್ಬಿಸುವ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪದರದ ವಸ್ತು) ಜೊತೆ ಹಾಕಿ, ಉರಿಯೂತದ ಗುರುತಾದ ನೈಟ್ರಿಕ್ ಆಕ್ಸೈಡ್ ಕಡಿಮೆ ಆಯಿತಾ ನೋಡುವುದು. ಗ್ರೀಸ್ ರಿಯೇಜೆಂಟ್ ಹಾಕಿದಾಗ ಪ್ಲೇಟಿನ ಬಾವಿಗಳು ಗುಲಾಬಿ ಆಗುತ್ತವೆ. ಔಷಧಿ ಕೆಲಸ ಮಾಡಿದರೆ ಬಣ್ಣ ತೆಳು. ಈ ಕೋಶಗಳು ಎಲ್ಲಿಂದ ಬಂದವು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದೂ ವೈರಸ್ಸಿನದೇನಾ?

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಅದೇ ಸ್ವಾಮಿ. ಅಬೆಲ್ಸನ್ ಲ್ಯುಕೇಮಿಯಾ ವೈರಸ್ ಕೊಟ್ಟ ಗಂಡು ಬಾಲ್ಬ್-ಸಿ ತಳಿಯ ಇಲಿಯಲ್ಲಿ ಎದ್ದ ಗೆಡ್ಡೆಯಿಂದ ಬಂದದ್ದು. ನಿಮ್ಮ ಅಮೃತಬಳ್ಳಿ ಪೇಪರುಗಳೆಲ್ಲ ಆ ವೈರಸ್ಸಿನ ಋಣದಲ್ಲಿವೆ!

ಈ ಅಬೆಲ್ಸನ್ ವೈರಸ್ ಹುಟ್ಟಿದ್ದೇ ಲ್ಯಾಬಿನಲ್ಲಿ. 1970ರಲ್ಲಿ ಹರ್ಬರ್ಟ್ ಅಬೆಲ್ಸನ್ ಮತ್ತು ಲೂಯಿಸ್ ರಾಬ್‌ಸ್ಟೈನ್ ಸ್ಟೀರಾಯ್ಡ್ ಕೊಟ್ಟು ಥೈಮಸ್ (ಟಿ ಕೋಶಗಳು ಬಲಿಯುವ ಎದೆಯ ಗ್ರಂಥಿ) ಕುಗ್ಗಿಸಿದ ಇಲಿಗಳಿಗೆ ಮಲೋನಿ ಲ್ಯುಕೇಮಿಯಾ ವೈರಸ್ ಕೊಟ್ಟರು. ಒಂದು ಇಲಿಯಲ್ಲಿ ಮಾತ್ರ ಬೇರೆಯದೇ ಥರದ, ಬಹಳ ಬೇಗ ಬೆಳೆಯುವ ಗೆಡ್ಡೆ ಬಂತು. ಆ ವೈರಸ್ ಇಲಿಯ ಸ್ವಂತ ಜೀನ್ ಒಂದನ್ನೇ ಎಗರಿಸಿಕೊಂಡು ಹೋಗಿತ್ತು. ಆ ಜೀನಿಗೆ ಎಬಿಎಲ್ ಅಂತ ಹೆಸರಾಯಿತು. 1976ರಲ್ಲಿ ನವೋಮಿ ರೋಸೆನ್‌ಬರ್ಗ್ ಮತ್ತು ಡೇವಿಡ್ ಬಾಲ್ಟಿಮೋರ್ ಇಲಿಯ ಮಜ್ಜೆ ಕೋಶಗಳಿಗೆ ಪಾತ್ರೆಯಲ್ಲೇ ಈ ವೈರಸ್ ಹತ್ತಿಸಿದರು. ಆಂಟಿಬಾಡಿ ಮಾಡುವ ಬಿ ಕೋಶ ಆಗುವ ಹಾದಿಯಲ್ಲಿದ್ದ ಎಳೆ ಕೋಶಗಳು ಆ ಹಂತದಲ್ಲೇ ನಿಂತು ಬೆಳೆಯತೊಡಗಿದವು. ಆಂಟಿಬಾಡಿ ಜೀನುಗಳ ತುಂಡುಗಳು ಹೇಗೆ ಕೂಡಿಕೊಳ್ಳುತ್ತವೆ ಅಂತ ನಮಗೆ ತಿಳಿದದ್ದರಲ್ಲಿ ಈ ಕೋಶಗಳ ಪಾಲು ದೊಡ್ಡದು. ಮೈಯೊಳಗೆ ಆ ಹಂತ ಸ್ವಲ್ಪ ಹೊತ್ತು ಇದ್ದು ದಾಟಿಹೋಗುತ್ತದೆ. ಇಲ್ಲಿ ಹಿಡಿದು ನಿಲ್ಲಿಸಿ ನೋಡಬಹುದು.

ಉಣಕಲ್_ಕೆರೆ, ಹುಬ್ಬಳ್ಳಿ

ಎಬಿಎಲ್ ಅಂದಿರಲ್ಲ, ನಮ್ಮ ಕಾಕಾನ ರಿಪೋರ್ಟಿನಲ್ಲಿ ಬಿಸಿಆರ್-ಎಬಿಎಲ್ ಅಂತ ಬರೆದಿರುತ್ತದೆ. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಇದೆ, ದಿನಾ ಇಮ್ಯಾಟಿನಿಬ್ ಗುಳಿಗೆ ತಗೋತಾರೆ, ತೋಟಕ್ಕೂ ಹೋಗ್ತಾರೆ. ಎರಡೂ ಒಂದೇನಾ?

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಅದೇ ಜೀನು. ಆದರೆ ನಿಮ್ಮ ಕಾಕಾನ ರೋಗಕ್ಕೆ ವೈರಸ್ ಕಾರಣ ಅಲ್ಲ. ಯಾರಿಗೂ ಹತ್ತುವುದಿಲ್ಲ, ಆ ಹೆದರಿಕೆ ಬೇಡ. ಮನುಷ್ಯರಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಎಬಿಎಲ್ ಹೋಗಿ ಬಿಸಿಆರ್ ಪಕ್ಕ ಕೂರುತ್ತದೆ. ಆಮೇಲೆ ಅದು ಸುಮ್ಮನಿರುವುದಿಲ್ಲ. ಇಮ್ಯಾಟಿನಿಬ್ ಅದರ ಬಾಯಿ ಕಟ್ಟುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ. ನಮ್ಮಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಗ್ಲಿವೆಕ್ ಪೇಟೆಂಟ್ ಕೊಡಲಿಲ್ಲ ಅನ್ನೋದು ಪೇಪರಿನಲ್ಲಿ ಓದಿರಬೇಕಲ್ವಾ, ಅದೇ ಗುಳಿಗೆ.

ತಂಗಿ, ನಿನಗೆ ಇಲ್ಲಿ ಒಂದು ವಿಷಯ ಇದೆ. ಅಬೆಲ್ಸನ್ ವೈರಸ್ಸಿನಿಂದ ಸಾಯದಂತಾದ ಇಲಿಯ ಎಳೆ ಬಿ ಕೋಶಗಳಿಗೆ ಇದೇ ಇಮ್ಯಾಟಿನಿಬ್ ಹಾಕಿದರೆ ವಿಭಜನೆ ನಿಲ್ಲುತ್ತದೆ. ನಿಂತ ಮೇಲೆ ಕೋಶ ತಾನು ಎಲ್ಲಿ ಕೆಲಸ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಸುತ್ತದೆ, ಆಂಟಿಬಾಡಿಯ ಚಿಕ್ಕ ಭಾಗವಾದ ಲೈಟ್ ಚೈನಿನ ಜೀನನ್ನು ಜೋಡಿಸಲು ಹೊರಡುತ್ತದೆ. ಇಷ್ಟು ದಿನ ವೈರಸ್ಸಿನ ಕೈಯಲ್ಲಿದ್ದರೂ ತಾನು ಯಾರು ಅನ್ನೋದನ್ನು ಅದು ಮರೆತಿರಲಿಲ್ಲ. 'ಇನ್ನೂ ಅದೇ ಕೋಶವಾ' ಅಂತ ಕೇಳಿದೆಯಲ್ಲ, ಅದಕ್ಕೆ ಅರ್ಧ ಉತ್ತರ ಇದು.

ದನದ_ಡಾಕ್ಟರ್, ಗದಗ

ಚರ್ಚೆ ಚೆನ್ನಾಗಿದೆ. ವೈರಸ್ಸೇ ಬೇಕಾಗಿಲ್ಲ, ನಮ್ಮ ಕೊಟ್ಟಿಗೆಯಲ್ಲೇ ಈ ಕೆಲಸ ಮಾಡುವ ಜೀವಿ ಇದೆ ಅಂತ ಹೇಳಲು ಬಂದೆ.

ಥೈಲೇರಿಯಾ. ಉಣ್ಣಿಯಿಂದ ಬರುವ ಪರಾವಲಂಬಿ. ಎಚ್‌ಎಫ್, ಜರ್ಸಿ ಕ್ರಾಸ್ ಆಕಳುಗಳಿಗೆ ಜ್ವರ, ಭುಜದ ಮುಂದೆ ಗಂಟು, ಆಮೇಲೆ ರಕ್ತ ಕಡಿಮೆ ಆಗಿ ಕಣ್ಣು ಬೆಳ್ಳಗೆ. ಬೇಸಿಗೆ, ಮಳೆಗಾಲದಲ್ಲಿ ನಮಗೆ ದಿನಾ ಇದೇ ಫೋನು. ಈ ಪರಾವಲಂಬಿ ಆಕಳಿನ ಬಿಳಿ ರಕ್ತಕಣದ ಒಳಗೆ ಕೂರುತ್ತದೆ. ಕೂತ ಮೇಲೆ ಆ ಕೋಶ ಕ್ಯಾನ್ಸರ್ ಕೋಶದಂತೆ ಬೆಳೆಯುತ್ತದೆ. ಕೋಶ ಎರಡಾಗುವಾಗ ಪರಾವಲಂಬಿ ಕ್ರೋಮೋಸೋಮುಗಳನ್ನು ಎಳೆದು ಹಂಚುವ ಅದರ ಸ್ಪಿಂಡಲ್ ಎಳೆಗಳನ್ನು ಹಿಡಿದುಕೊಂಡು ತಾನೂ ಎರಡು ಭಾಗ ಆಗುತ್ತದೆ. ಎರಡೂ ಮರಿಗಳಿಗೆ ಪಾಲು. ರೋಗ ಬಂದ ಆಕಳಿನ ಗಂಟಿನಿಂದ ಕೋಶ ತೆಗೆದು ಫ್ಲಾಸ್ಕಿಗೆ ಹಾಕಿದರೆ ಐಎಲ್-2 ಇಲ್ಲದೆಯೇ ಬೆಳೆಯುತ್ತವೆ.

ಬುಪಾರ್ವಕ್ವೋನ್ ಇಂಜೆಕ್ಷನ್ ಕೊಡುತ್ತೇವಲ್ಲ, ಅದನ್ನು ಫ್ಲಾಸ್ಕಿಗೆ ಹಾಕಿ ನೋಡಿ. ಪರಾವಲಂಬಿ ಸಾಯುತ್ತದೆ, ಅದರ ಹಿಂದೆ ಕೋಶದ ಬೆಳವಣಿಗೆಯೂ ನಿಲ್ಲುತ್ತದೆ. ಹಳೇ ಫ್ಲಾಸ್ಕ್ ಸರ್ ಹೇಳಿದ ಕಲ್ಲು ತೆಗೆದ ಹಾಗೆ.

ಬ್ಯಾಡಗಿ_ಡೇರಿ, ಹಾವೇರಿ

ಡಾಕ್ಟರೇ, ನಿಮ್ಮ ಮಾತು ಮಾತ್ರ ನನಗೆ ತಿಳಿಯಿತು ನೋಡ್ರಿ. ಹೋದ ವರ್ಷ ಥೈಲೇರಿಯಾಕ್ಕೆ ಒಂದು ಎಚ್‌ಎಫ್ ಆಕಳು ಹೋಯಿತು. ಇದಕ್ಕೆ ಲಸಿಕೆ ಇದೆ ಅಂತಾರೆ, ನಮ್ಮೂರ ಕಡೆ ಕೇಳಿದರೆ ಸಿಗಲಿಲ್ಲ. ಯಾಕೆ?

ದನದ_ಡಾಕ್ಟರ್, ಗದಗ

ಯಜಮಾನ್ರೇ, ಲಸಿಕೆ ಇದೆ. ಮಜಾ ಅಂದರೆ ಆ ಲಸಿಕೆಯೂ ಈ ಚರ್ಚೆಯ ವಸ್ತುವೇ. ಥೈಲೇರಿಯಾ ಕೂತು ಸಾಯದಂತಾದ ಆಕಳಿನ ಕೋಶಗಳನ್ನು ಲ್ಯಾಬಿನಲ್ಲಿ ಬಹಳ ಕಾಲ ಬೆಳೆಸುತ್ತಾ ಹೋದರೆ ಪರಾವಲಂಬಿಯ ಸೊಕ್ಕು ಇಳಿಯುತ್ತದೆ. ರೋಗ ತರುವುದಿಲ್ಲ, ಆದರೆ ಮೈಗೆ ಅದರ ಗುರುತು ಸಿಗುತ್ತದೆ. ಆ ಜೀವಂತ ಕೋಶಗಳೇ ಲಸಿಕೆ. ರಕ್ಷಾವ್ಯಾಕ್-ಟಿ ಅಂತ ಹೆಸರು.

ಸಿಗದಿರುವುದಕ್ಕೆ ಕಾರಣ ಅದೇ. ಜೀವಂತ ಕೋಶ ಅಂದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಆಗುವುದಿಲ್ಲ. ದ್ರವ ನೈಟ್ರೋಜನ್ನಿನಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ ಇಡಬೇಕು. ಕೃತಕ ಗರ್ಭಧಾರಣೆ ಮಾಡಲು ಬರುವವರು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರಲ್ಲ, ವೀರ್ಯದ ಕಡ್ಡಿ ಇಡುವ ಕ್ಯಾನು, ಅಂಥದ್ದೇ ಬೇಕು. ತೆಗೆದು ಕರಗಿಸಿದ ಮೇಲೆ ಬೇಗ ಚುಚ್ಚಿ ಮುಗಿಸಬೇಕು. ಒಂದೇ ಆಕಳಿಗಾಗಿ ಯಾರೂ ತರುವುದಿಲ್ಲ. ಸಂಘದ ಕಡೆಯಿಂದ ಹತ್ತಾರು ಆಕಳು ಸೇರಿಸಿ ಒಂದು ದಿನ ಗೊತ್ತು ಮಾಡಿ, ನಿಮ್ಮ ಪಶು ಆಸ್ಪತ್ರೆಯವರನ್ನು ಕೇಳಿ. ಗಬ್ಬದ ಆಕಳಿದ್ದರೆ ಮೊದಲೇ ಹೇಳಿ. ಉಣ್ಣಿ ಔಷಧಿ ಮಾತ್ರ ನಿಲ್ಲಿಸಬೇಡಿ.

ಬ್ಯಾಡಗಿ_ಡೇರಿ, ಹಾವೇರಿ

ಆಯ್ತ್ರಿ, ಸಂಘದಲ್ಲಿ ಮಾತಾಡ್ತೀನಿ. ಇನ್ನೊಂದು. ಆಕಳಿಗೂ ಲ್ಯುಕೇಮಿಯಾ ವೈರಸ್ ಇದೆಯಂತೆ. ಹಾಲಿನಿಂದ ಮನುಷ್ಯರಿಗೆ ಬರುತ್ತದಾ?

ದನದ_ಡಾಕ್ಟರ್, ಗದಗ

ಇದೆ, ಬಿಎಲ್‌ವಿ ಅಂತ. ಮೇಲೆ ಹೇಳಿದ ಎಚ್‌ಟಿಎಲ್‌ವಿಯ ಸಂಬಂಧಿಕ, ಆದರೆ ಇದು ಬಿ ಕೋಶಗಳಲ್ಲಿ ಕೂರುತ್ತದೆ. ವೈರಸ್ ಹತ್ತಿದ ಆಕಳುಗಳಲ್ಲಿ ಮೂರರಲ್ಲಿ ಒಂದಕ್ಕೆ ರಕ್ತದಲ್ಲಿ ಲಿಂಫೋಸೈಟ್ ಹೆಚ್ಚಿರುತ್ತದೆ, ಗೆಡ್ಡೆ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದವು ಆರಾಮಾಗಿ ಹಾಲು ಕೊಡುತ್ತವೆ. ಹಾಲು ಕಾಯಿಸಿದರೆ ವೈರಸ್ ಉಳಿಯುವುದಿಲ್ಲ. ನಾವಂತೂ ಉಕ್ಕಿಸಿಯೇ ಕುಡಿಯುವವರು. ಹರಡುವುದು ಆಕಳಿಂದ ಆಕಳಿಗೆ, ರಕ್ತದ ಮೂಲಕ. ಒಂದೇ ಸೂಜಿಯಲ್ಲಿ ಕೊಟ್ಟಿಗೆ ಪೂರ್ತಿ ಚುಚ್ಚುವುದು, ಕೋಡು ತೆಗೆಯುವ ಸಾಮಾನು ತೊಳೆಯದಿರುವುದು, ಗಬ್ಬ ನೋಡುವಾಗ ಒಂದೇ ಗ್ಲೌಸು. ಯಾರೇ ಬರಲಿ, 'ಸೂಜಿ ಬದಲಿಸಿ' ಅಂತ ದಿಟ್ಟವಾಗಿ ಹೇಳಿ. ನನಗೂ ಹೇಳಿ.

ಜೋಳದರೊಟ್ಟಿ_ಜಗ್ಗು, ಹುಬ್ಬಳ್ಳಿ

ಎಲ್ಲಾ ಓದಿದೆ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆ ವೈರಸ್ಸು ಲ್ಯಾಬಿನಿಂದ ಹೊರಗೆ ಬಂದರೆ? ಕೆಲವು ವರ್ಷದ ಹಿಂದೆ ನಾನು ಓದಿದ ಕಾಲೇಜಿನಲ್ಲಿ ಆಟೋಕ್ಲೇವ್ (ಆವಿಯಿಂದ ಕ್ರಿಮಿ ಕೊಲ್ಲುವ ಯಂತ್ರ) ತಿಂಗಳುಗಟ್ಟಲೆ ಕೆಟ್ಟು ನಿಂತಿತ್ತು. ಹೆಸರು ಬೇಡ. ಕಲ್ಚರ್ ಪ್ಲೇಟುಗಳನ್ನು ಸಿಂಕಿಗೆ ಸುರಿಯುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಜಗ್ಗು ಅವರೇ, ಈಗ ನಿಮ್ಮ ಮಾತಿಗೆ ತೂಕ ಬಂತು. ಅಂಥ ಲ್ಯಾಬಿನಲ್ಲಿ ಎಚ್‌ಟಿಎಲ್‌ವಿ ಕೆಲಸ ಮಾಡಲೇಬಾರದು, ನಾನೂ ನಿಮ್ಮ ಪಕ್ಷ. ಇದು ಗಾಳಿಯಲ್ಲಿ ಹಾರಿ ಬರುವ ವೈರಸ್ ಅಲ್ಲ. ತಾಯಿಯ ಎದೆಹಾಲು, ರಕ್ತ, ಲೈಂಗಿಕ ಸಂಪರ್ಕ, ಇಷ್ಟೇ ದಾರಿ. ಹತ್ತಿದವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಏನೂ ಆಗುವುದಿಲ್ಲ. ಆದರೆ ಆದವರಿಗೆ ಆಗುವ ಲ್ಯುಕೇಮಿಯಾ ಕೆಟ್ಟದು, ಹತ್ತಾರು ವರ್ಷ ಬಿಟ್ಟು ಬರುತ್ತದೆ, ಮತ್ತು ಒಮ್ಮೆ ಹತ್ತಿದ ವೈರಸ್ ಹೋಗುವುದಿಲ್ಲ. ಆದ್ದರಿಂದ ಕನಿಷ್ಠ ಬಯೋಸೇಫ್ಟಿ ಲೆವೆಲ್ 2 (ಸೋಂಕು ಹೊರಹೋಗದಂತೆ ತಡೆಯುವ ಲ್ಯಾಬಿನ ಎರಡನೇ ದರ್ಜೆ) ಇರಬೇಕು, ಕ್ಯಾಬಿನೆಟ್ ಇರಬೇಕು, ಸೂಜಿ ಆದಷ್ಟು ದೂರ, ಕಸ ಪೂರ್ತಿ ಆಟೋಕ್ಲೇವ್. ಸಂಸ್ಥೆಯ ಬಯೋಸೇಫ್ಟಿ ಕಮಿಟಿಯ ಒಪ್ಪಿಗೆ ಕೂಡ ಬೇಕು. ಗೈಡ್ ಒಬ್ಬರೇ ಹೂಂ ಅಂದರೆ ಸಾಲದು.

ರಾ 264.7 ಬಳಸುವವರಿಗೂ ಒಂದು ಮಾತು. ಆ ಕೋಶಗಳು ಇವತ್ತಿಗೂ ಇಲಿಯ ಲ್ಯುಕೇಮಿಯಾ ವೈರಸ್ಸುಗಳನ್ನು ಹೊರಗೆ ಬಿಡುತ್ತವೆ ಅಂತ 2008ರಲ್ಲಿ ತೋರಿಸಿದ್ದಾರೆ. ಅದೇ ಕ್ಯಾಬಿನೆಟ್ಟಿನಲ್ಲಿ ಅದೇ ಮೀಡಿಯಂ ಬಾಟಲಿಯಿಂದ ಬೇರೆ ಇಲಿ ಕೋಶಗಳಿಗೂ ಊಟ ಹಾಕಿದರೆ ಅವಕ್ಕೂ ವೈರಸ್ ಹತ್ತಬಹುದು. ಒಂದೊಂದು ಲೈನಿಗೆ ಒಂದೊಂದು ಬಾಟಲಿ ಇಡಿ. ಇಲಿ ವೈರಸ್ಸಿನ ಗಲೀಜು ಎಷ್ಟು ದೂರ ಹೋಗುತ್ತದೆ ಗೊತ್ತಾ? 2009ರಲ್ಲಿ ಎಕ್ಸ್‌ಎಂಆರ್‌ವಿ ಅನ್ನೋ ವೈರಸ್ಸಿಗೂ ದೀರ್ಘ ಆಯಾಸದ ರೋಗಕ್ಕೂ ನಂಟು ಇದೆ ಅಂತ ದೊಡ್ಡ ಸುದ್ದಿ ಆಯಿತು. 2011ರಲ್ಲಿ ಆ ಪೇಪರನ್ನು ವಾಪಸ್ ತೆಗೆದರು. ವೈರಸ್ ಬಂದದ್ದು ರೋಗಿಗಳಿಂದಲ್ಲ, ಲ್ಯಾಬಿನ ಗಲೀಜಿನಿಂದ.

ಕಷಾಯ_ಫಾರ್ಮಾ, ಹುಬ್ಬಳ್ಳಿ

ಅಯ್ಯೋ. ನಾವು ಒಂದೇ ಬಾಟಲಿಯಿಂದ ಮೂರು ಲೈನಿಗೆ ಹಾಕ್ತಿದ್ವಿ.

ಪಿಪೆಟ್_ಹುಡುಗಿ, ಧಾರವಾಡ

ಸರ್, ಅರ್ಧ ಉತ್ತರ ಅಂದಿರಲ್ಲ, ಉಳಿದ ಅರ್ಧ?

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಉಳಿದ ಅರ್ಧ ಸಿಹಿ ಇಲ್ಲ. ಕೋಳಿಯ ಡಿಟಿ40 ಲೈನ್ ತಗೋ. ಏವಿಯನ್ ಲ್ಯುಕೋಸಿಸ್ ವೈರಸ್ಸಿನಿಂದ ಆದ ಬಿ ಕೋಶದ ಗೆಡ್ಡೆಯಿಂದ ಬಂದದ್ದು. ಅಲ್ಲಿ ವೈರಸ್ ಯಾವ ಜೀನನ್ನೂ ತಂದಿಲ್ಲ. ಕೋಶದ ಬೆಳವಣಿಗೆ ನಡೆಸುವ ಮಿಕ್ ಜೀನಿನ ಪಕ್ಕ ಹೋಗಿ ಕೂತು ಅದನ್ನು ಎಬ್ಬಿಸಿದೆ, ಅಷ್ಟೇ. ಪಾತ್ರೆಯಲ್ಲಿದ್ದುಕೊಂಡೇ ಅದು ತನ್ನ ಆಂಟಿಬಾಡಿ ಜೀನುಗಳನ್ನು ಬದಲಿಸುತ್ತಲೇ ಇರುತ್ತದೆ. ಆ ಕೆಲಸ ನೋಡಲು ಅದಕ್ಕಿಂತ ಒಳ್ಳೆಯ ಕೋಶ ಇಲ್ಲ. ಆದರೆ 'ಈ ಕೋಶ ಯಾವಾಗ ಬೆಳೆಯುತ್ತದೆ, ಯಾವಾಗ ಸಾಯುತ್ತದೆ' ಅಂತ ಅದನ್ನು ಕೇಳಿದರೆ ಸುಳ್ಳು ಹೇಳುತ್ತದೆ. ವೈರಸ್ ಕೈ ಹಾಕಿದ್ದೇ ಅಲ್ಲಿ.

ಎಚ್‌ಟಿಎಲ್‌ವಿ ಕೋಶಗಳೂ ಹಾಗೇ. ಏಡ್ಸ್ ಶುರುವಿನ ವರ್ಷಗಳಲ್ಲಿ ಎಟಿಎಚ್8 ಅನ್ನೋ ಇಂಥದೇ ಟಿ ಕೋಶದ ಲೈನು ಬಹಳ ಉಪಯೋಗಕ್ಕೆ ಬಂತು. ಎಚ್‌ಐವಿ ಹಾಕಿದರೆ ಸಾಯುತ್ತಿತ್ತು, ಎಜೆಡ್‌ಟಿ ಅನ್ನೋ ಔಷಧಿ ಹಾಕಿದರೆ ಉಳಿಯುತ್ತಿತ್ತು. ಮಿತ್ಸುಯಾ ಹಿರೋಆಕಿ ಮತ್ತು ಜೊತೆಗಾರರು 1985ರಲ್ಲಿ ಅದನ್ನು ತೋರಿಸಿದರು, 1987ರಲ್ಲಿ ಔಷಧಿ ಜನರ ಕೈಗೆ ಬಂತು. ಅಲ್ಲಿ ಕೇಳಿದ ಪ್ರಶ್ನೆ 'ಬದುಕಿತಾ ಸತ್ತಿತಾ' ಅಷ್ಟೇ. ಅದಕ್ಕೆ ಈ ಕೋಶ ಸರಿಯಾದ ಸಾಕ್ಷಿ. ನಿನ್ನ ಪ್ರಾಜೆಕ್ಟಿನ ಪ್ರಶ್ನೆ ಏನು ಹೇಳು.

ಪಿಪೆಟ್_ಹುಡುಗಿ, ಧಾರವಾಡ

ಒಂದು ಗಿಡದ ರಸ ಆಡಿನ ಟಿ ಕೋಶಗಳ ಬೆಳವಣಿಗೆಯನ್ನು ಹೆಚ್ಚಿಸುತ್ತದಾ ಅಂತ.

ದನದ_ಡಾಕ್ಟರ್, ಗದಗ

ಹಾಗಾದರೆ ಸಾಯದ ಕೋಶ ನಿನಗೆ ಬೇಡವೇ ಬೇಡಮ್ಮ. ಅದು ಈಗಾಗಲೇ ಫುಲ್ ಸ್ಪೀಡಿನಲ್ಲಿದೆ, ನಿನ್ನ ರಸ ಇನ್ನೇನು ಹೆಚ್ಚಿಸೀತು? ತಾಜಾ ರಕ್ತವೇ ಸರಿ. ಮಟನ್ ಅಂಗಡಿಯ ಗೊತ್ತಿಲ್ಲದ ಆಡಿನ ಬದಲು ಒಂದೇ ಮಂದೆಯ, ಒಂದೇ ವಯಸ್ಸಿನ, ಜಂತಿನ ಔಷಧಿ ಕೊಟ್ಟ ನಾಲ್ಕಾರು ಆಡು ಗೊತ್ತು ಮಾಡಿಕೋ. ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ ಕುತ್ತಿಗೆಯ ರಕ್ತನಾಳದಿಂದ ಸ್ವಲ್ಪ ಸ್ವಲ್ಪ ತೆಗೆಸು. ರೀಡಿಂಗು ತಾಳೆ ಆಗದಿರುವುದು ಅಲ್ಲಿಗೇ ಅರ್ಧ ಕಡಿಮೆ ಆಗುತ್ತದೆ.

ಹಳೇ_ಫ್ಲಾಸ್ಕ್, ಹುಬ್ಬಳ್ಳಿ

ಡಾಕ್ಟರ್ ಮಾತಿಗೆ ನನ್ನ ಸಹಿ. ಎರಡನೇ ವಾರ ದಾಟಬೇಕಿದ್ದರೆ ಐಎಲ್-2 ಹಾಕು. ಮನುಷ್ಯನ ಐಎಲ್-2 ಆಕಳಿನ ಟಿ ಕೋಶಗಳ ಮೇಲೂ ಕೆಲಸ ಮಾಡುತ್ತದೆ. ನಿನ್ನ ಆಡಿನ ಕೋಶಗಳ ಮೇಲೆ ಮೊದಲು ಒಂದು ಪ್ಲೇಟಿನಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡು. ದುಬಾರಿ, ಸಣ್ಣ ಸಣ್ಣ ಟ್ಯೂಬು ಮಾಡಿ ಫ್ರೀಜ್ ಮಾಡು. ಉರಿಯೂತದ ಭಾಗಕ್ಕೆ ರಾ 264.7 ಬೇಕು ಅನಿಸಿದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸು. ಬಂದ ಕೂಡಲೇ ಮೈಕೋಪ್ಲಾಸ್ಮಾ (ಕಲ್ಚರಿಗೆ ಗೊತ್ತಾಗದಂತೆ ಸೇರುವ ಸಣ್ಣ ಬ್ಯಾಕ್ಟೀರಿಯಾ) ಟೆಸ್ಟು ಮಾಡಿ, ಹತ್ತು ವಯಲ್ (ಸಣ್ಣ ಸೀಸೆ) ಫ್ರೀಜ್ ಮಾಡಿಟ್ಟು ಆಮೇಲೆ ಕೆಲಸ ಶುರು. ಮೂವತ್ತು ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಬದಲಿಸುವುದು) ದಾಟಿದ ಮೇಲೆ ಅದನ್ನು ನಂಬಬೇಡ, ಸ್ವಭಾವ ಬದಲಾಗುತ್ತಾ ಹೋಗುತ್ತದೆ.

ಪಿಪೆಟ್_ಹುಡುಗಿ, ಧಾರವಾಡ

ಸರ್, ಡಾಕ್ಟರ್ ಸರ್, ಇಬ್ಬರಿಗೂ ದೊಡ್ಡ ನಮಸ್ಕಾರ. ಗೈಡ್ ಹತ್ತಿರ ಇವತ್ತೇ ಮಾತಾಡುತ್ತೇನೆ. ಪುಣೆಯಿಂದ ಫ್ರೀಜ್ ಮಾಡಿದ ವಯಲ್ ತರಿಸುವುದಾದರೆ ಡ್ರೈ ಐಸ್ ಬೇಕಲ್ವಾ, ದಾರಿಯಲ್ಲಿ ಆವಿ ಆಗಿಹೋದರೆ ಅಂತ ಭಯ.

ಕಷಾಯ_ಫಾರ್ಮಾ, ಹುಬ್ಬಳ್ಳಿ

ಬೆಳೆಯುತ್ತಿರುವ ಫ್ಲಾಸ್ಕೇ ಕೇಳಿ ತಂಗಿ. ಕುತ್ತಿಗೆಯವರೆಗೆ ಮೀಡಿಯಂ ತುಂಬಿಸಿ, ಬಿರಡೆ ಬಿಗಿ ಮಾಡಿ, ಪ್ಯಾರಾಫಿಲ್ಮ್ ಸುತ್ತಿ ಕೊಡುತ್ತಾರೆ. ನಾವು ಹಾಗೇ ತರಿಸಿದ್ದು, ಐಸ್ ಬೇಕಾಗಲಿಲ್ಲ. ಬಂದ ಮೇಲೆ ಒಂದು ರಾತ್ರಿ ಇನ್‌ಕ್ಯುಬೇಟರಿನಲ್ಲಿ ಸುಮ್ನೆ ಬಿಡಿ. ಮರುದಿನ ಹೆಚ್ಚಿನ ಮೀಡಿಯಂ ತೆಗೆಯುವಾಗ ಅದನ್ನು ಎಸೆಯಬೇಡಿ, ಮೊದಲ ವಾರದ ಊಟಕ್ಕೆ ಆಗುತ್ತದೆ. ಮತ್ತೆ, ಬಾಟಲಿ ಬೇರೆ ಇಡಿ!